ಟೆಕ್ಸಸ್‌ನಲ್ಲಿ ಆತ್ಮರಕ್ಷಣೆಗೆ ಹೆಂಗಸರು ಯಾವ ಹ್ಯಾಂಡ್‌ಗನ್ ಇಟ್ಟುಕೊಳ್ಳಬೇಕು? ಪರ್ಸಿನಲ್ಲಿ ಇಟ್ಟುಕೊಂಡರೆ ಸಾಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಡಲ್ಲಾಸ್ ಹತ್ತಿರ ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್ ಮಾಡುತ್ತೀರಿ. ಬೆಳಗಿನ ಜಾವ ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನ ತನಕ ಒಬ್ಬರೇ ನಡೆಯಬೇಕು, ಭಯವಾಗುತ್ತದೆ. ಗ್ರೀನ್ ಕಾರ್ಡ್ ಬಂದಿದೆ. ಗನ್ ಅಂಗಡಿಯವನು ಚಿಕ್ಕದೊಂದು ರಿವಾಲ್ವರ್ ತೋರಿಸಿ, ಲೇಡೀಸ್‌ಗೆ ಇದೇ ಸರಿ, ಪರ್ಸಿನಲ್ಲಿ ಹಾಕಿಕೊಳ್ಳಿ ಎಂದಿದ್ದಾನೆ. ಮನೆಯಲ್ಲಿ ಮೂರು ವರ್ಷದ ಮಗ ಇದ್ದಾನೆ. ತಗೊಳ್ಳಲಾ ಎಂದು ಕೇಳಿದ್ದೀರಿ.

ಆ ರಿವಾಲ್ವರ್ ತಗೊಳ್ಳಬೇಡಿ. ಪರ್ಸಿನಲ್ಲಂತೂ ಬೇಡವೇ ಬೇಡ.

ನಾನು ಹ್ಯೂಸ್ಟನ್ ಕಡೆ ಇರುವವಳು. ವರ್ಷಗಳಿಂದ ಲೈಸೆನ್ಸ್ ಇದೆ, ಪಿಸ್ತೂಲು ಮೈಮೇಲೆ ಇಟ್ಟುಕೊಂಡೇ ಓಡಾಡುತ್ತೇನೆ. ನಮ್ಮವರಲ್ಲಿ ಕೆಲವರನ್ನು ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ಗೆ ಕರೆದುಕೊಂಡು ಹೋಗಿ ಕಲಿಸಿದ್ದೇನೆ. ಹಾಗಾಗಿ ಗನ್ ಬೇಡ ಎಂದು ಹೇಳಲು ಬಂದವಳಲ್ಲ. ಆದರೆ ಎಲ್ಲರೂ ಮೊದಲು ಕೇಳುವುದು ಯಾವ ಗನ್ ಎಂದು. ಬೇಕಾದ ಹೊತ್ತಿಗೆ ಅದು ಎಲ್ಲಿರುತ್ತದೆ ಎನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ.

ನಿಮ್ಮ ವಿಷಯವನ್ನೇ ನೋಡಿ. ಇಲ್ಲಿನ ಆಸ್ಪತ್ರೆಗಳು ಸಾಮಾನ್ಯವಾಗಿ ಬಾಗಿಲಲ್ಲೇ ಗನ್ ತರಬಾರದೆಂಬ ಬೋರ್ಡ್ ಹಾಕಿರುತ್ತವೆ. ಕೆಲಸದ ಜಾಗಕ್ಕೆ ಗನ್ ತರಬೇಡಿ ಎಂದು ಹೇಳುವ ಹಕ್ಕು ಕೆಲಸ ಕೊಟ್ಟವರಿಗೆ ಇದೆ. 2011ರ ಟೆಕ್ಸಸ್ ಕಾನೂನು ನೌಕರರಿಗೆ ಕೊಟ್ಟಿರುವುದು ಬೀಗ ಹಾಕಿದ ಸ್ವಂತ ಕಾರಿನೊಳಗೆ ಇಡುವ ಅವಕಾಶ ಅಷ್ಟೇ. ಅಂದರೆ ಏನಾಯಿತು? ಶಿಫ್ಟ್ ಮುಗಿಸಿ ನೀವು ಬಾಗಿಲಿನಿಂದ ಕಾರಿನ ತನಕ ನಡೆಯುವಾಗ ಗನ್ ಕಾರಿನಲ್ಲಿರುತ್ತದೆ. ನೀವು ಹೆದರುವುದು ಅದೇ ದಾರಿಗೆ ಅಲ್ವಾ? ಆ ದಾರಿಗೆ ಗನ್ ಸಿಗುವುದೇ ಇಲ್ಲ. ಅಷ್ಟೇ ಅಲ್ಲ, ರಾತ್ರಿಯಿಡೀ ಕಾರಿನಲ್ಲಿ ಬಿಟ್ಟ ಗನ್ ಕಳ್ಳನ ಕೈಗೆ ಸುಲಭವಾಗಿ ಸಿಗುತ್ತದೆ.

ಇದಕ್ಕೆ ಇನ್ನೊಂದು ದಾರಿ ಇದೆ, ಅದೂ ಬಿಟ್ಟಿ. ಆಸ್ಪತ್ರೆಯ ಸೆಕ್ಯೂರಿಟಿಗೆ ಫೋನ್ ಮಾಡಿ, ಕಾರಿನ ತನಕ ಜೊತೆಗೆ ಬನ್ನಿ ಎಂದು ಕೇಳಿ. ಬಹಳ ಕಡೆ ಈ ವ್ಯವಸ್ಥೆ ಇದೆ, ನಾಚಿಕೆಗೆ ಯಾರೂ ಕೇಳುವುದಿಲ್ಲ. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಚಿಕ್ಕ ಡಬ್ಬಿ ಟೆಕ್ಸಸ್‌ನಲ್ಲಿ ಕಾನೂನುಬದ್ಧ. ಕೆಲಸದ ಕಡೆ ಅದಕ್ಕೆ ಒಪ್ಪಿಗೆ ಇದೆಯೇ ಎಂದು ಮಾತ್ರ ವಿಚಾರಿಸಿ. ನಡೆಯುವಾಗ ಅದು ಬ್ಯಾಗಿನ ತಳದಲ್ಲಿ ಅಲ್ಲ, ಕೈಯಲ್ಲೇ ಇರಬೇಕು.

ಟೆಕ್ಸಸ್‌ನಲ್ಲಿ ಲೈಸೆನ್ಸ್ ಪಡೆದು ಗನ್ ಬಚ್ಚಿಟ್ಟು ಒಯ್ಯುವ ಕಾನೂನು ಬಂದದ್ದರ ಹಿಂದೆಯೂ ಕಾರಿನಲ್ಲಿ ಉಳಿದ ಒಂದು ಗನ್ನಿನ ಕಥೆ ಇದೆ. 1991ರ ಅಕ್ಟೋಬರ್ 16ರಂದು ಕಿಲೀನ್ ಎಂಬ ಊರಿನಲ್ಲಿ ಒಬ್ಬ ಲೂಬೀಸ್ ಎಂಬ ಹೋಟೆಲಿನ ಗಾಜು ಒಡೆದು ಒಳಗೆ ಗಾಡಿ ನುಗ್ಗಿಸಿದ. 23 ಜನರನ್ನು ಕೊಂದ. ಸುಜಾನಾ ಹಪ್ ಎನ್ನುವವರು ಅಪ್ಪ ಅಮ್ಮನ ಜೊತೆ ಊಟಕ್ಕೆ ಬಂದಿದ್ದರು. ಅವರ ಹತ್ತಿರ ರಿವಾಲ್ವರ್ ಇತ್ತು. ಒಳಗೆ ತಂದರೆ ಆಗಿನ ಕಾನೂನಿನ ಪ್ರಕಾರ ಅಪರಾಧ ಎಂದು ಕಾರಿನಲ್ಲಿ ಬಿಟ್ಟಿದ್ದರು. ಅವತ್ತು ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡರು. ಆಮೇಲೆ ಊರೂರಿಗೆ ಹೋಗಿ ಸಾಕ್ಷಿ ಹೇಳಿದರು. 1995ರಲ್ಲಿ ಲೈಸೆನ್ಸ್ ಕಾನೂನು ಆಯಿತು. ಮರುವರ್ಷ ಅವರೇ ರಾಜ್ಯದ ಶಾಸಕಿಯಾಗಿ ಆಯ್ಕೆಯಾದರು. ಗನ್ ಬಗ್ಗೆ ಅವರ ಎಲ್ಲ ಅಭಿಪ್ರಾಯಗಳನ್ನೂ ನಾನು ಒಪ್ಪುವುದಿಲ್ಲ. ಆದರೆ ಆ ಹೆಣ್ಣುಮಗಳ ನೋವನ್ನು ಹಗುರವಾಗಿ ಕಾಣಲು ನನ್ನಿಂದ ಆಗದು.

ಇನ್ನು ಪರ್ಸಿನ ಮಾತು. 2014ರ ಡಿಸೆಂಬರ್ ಕೊನೆಯಲ್ಲಿ ಐಡಾಹೋ ರಾಜ್ಯದ ಹೇಡನ್ ಊರಿನ ವಾಲ್‌ಮಾರ್ಟ್‌ನಲ್ಲಿ ಒಬ್ಬ ತಾಯಿ ಮಕ್ಕಳ ಜೊತೆ ಸಾಮಾನು ಕೊಳ್ಳುತ್ತಿದ್ದಳು. ಎರಡು ವರ್ಷದ ಮಗ ಶಾಪಿಂಗ್ ಕಾರ್ಟ್‌ನಲ್ಲಿ ಕೂತಿದ್ದ. ಅವಳ ಪರ್ಸ್ ಗನ್ ಇಡಲೆಂದೇ ಮಾಡಿದ್ದು, ಅದಕ್ಕೆ ಬೇರೆಯೇ ಜಿಪ್ ಇರುವ ಖಾನೆ ಇತ್ತು. ಮಗು ಜಿಪ್ ತೆಗೆದು ಗನ್ ಹಿಡಿಯಿತು, ಗುಂಡು ಹಾರಿತು, ತಾಯಿ ಅಲ್ಲೇ ಸತ್ತಳು. ಅವಳು ಲೈಸೆನ್ಸ್ ಇದ್ದವಳು, ಗನ್ ಬಳಸಿ ರೂಢಿ ಇದ್ದವಳು. ನಿಮಗೂ ಪುಟ್ಟ ಮಗ ಇದ್ದಾನೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮಕ್ಕಳಿಲ್ಲದವರಿಗೂ ಪರ್ಸ್ ಸರಿಯಲ್ಲ. ಕಳ್ಳ ಮೊದಲು ಎಳೆಯುವುದೇ ಪರ್ಸನ್ನು. ಕುರ್ಚಿಗೆ ನೇತುಹಾಕುತ್ತೇವೆ, ಕಾರ್ಟ್‌ನಲ್ಲಿ ಬಿಡುತ್ತೇವೆ, ಗೆಳತಿಗೆ ಒಂದು ನಿಮಿಷ ಹಿಡ್ಕೋ ಎಂದು ಕೊಡುತ್ತೇವೆ. ಗನ್ ಇದ್ದರೆ ಮೈಮೇಲೆ ಇರಬೇಕು, ಇಲ್ಲವೇ ಬೀಗದೊಳಗೆ. ಮೂರನೆಯ ಜಾಗವೇ ಇಲ್ಲ. ಹದಿನೇಳು ತುಂಬದ ಮಗುವಿನ ಕೈಗೆ ಗುಂಡು ತುಂಬಿದ ಗನ್ ಸಿಗುವಂತೆ ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧವೂ ಹೌದು. ಮನೆಗೆ ಬಂದ ತಕ್ಷಣ ಬೆರಳಚ್ಚಿಗೋ ನಂಬರಿಗೋ ತೆರೆಯುವ ಚಿಕ್ಕ ಸೇಫ್‌ಗೆ ಹೋಗಬೇಕು. ಬೀರುವಿನ ಮೇಲೆ, ಸೀರೆಗಳ ಕೆಳಗೆ ಬಚ್ಚಿಟ್ಟರೆ ಮಕ್ಕಳು ಹುಡುಕಿಬಿಡುತ್ತಾರೆ.

ಮೈಮೇಲೆ ಇಡುವುದು ಹೆಂಗಸರಿಗೆ ಕಷ್ಟ, ನಿಜ. ಗನ್ ಸಿಕ್ಕಿಸುವ ಚೀಲಗಳಾದ ಹೋಲ್ಸ್ಟರ್‌ಗಳಲ್ಲಿ ಬಹಳಷ್ಟು ಗಂಡಸರ ಸೊಂಟಕ್ಕೆ, ಗಂಡಸರ ಬೆಲ್ಟಿಗೆ ಮಾಡಿದವು. ನಮ್ಮ ಸೊಂಟ ಮೇಲೆ, ಸೊಂಟದ ಕೆಳಗೆ ಅಗಲ. ಗಂಡಸರ ಹಾಗೆ ಬಲಪಕ್ಕೆಯ ಹಿಂದೆ ಕಟ್ಟಿದರೆ ಹಿಡಿ ಪಕ್ಕೆಗೆ ಚುಚ್ಚುತ್ತದೆ, ಬಟ್ಟೆ ಮೇಲೆ ಉಬ್ಬು ಕಾಣುತ್ತದೆ. ನನಗೆ ಸರಿಹೋಗಿದ್ದು ಜೀನ್ಸ್‌ನ ಒಳಗೆ, ಹೊಟ್ಟೆಯ ಬಲಮುಂಭಾಗದಲ್ಲಿ, ಗಟ್ಟಿ ಬೆಲ್ಟಿನ ಜೊತೆ. ಮೇಲೆ ಸಡಿಲವಾದ ಟಾಪ್ ಅಥವಾ ಗಿಡ್ಡ ಕುರ್ತಿ ಹಾಕಿದರೆ ಏನೂ ಕಾಣುವುದಿಲ್ಲ. ಲೆಗಿಂಗ್ಸ್ ಹಾಕುವ ದಿನಕ್ಕೆ ಹೊಟ್ಟೆಗೆ ಸುತ್ತುವ ಅಗಲವಾದ ಪಟ್ಟಿ ಬರುತ್ತದೆ. ಪಟ್ಟಿಯಾಗಲಿ ಬೆಲ್ಟಾಗಲಿ, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಕವಚ ಇರಲೇಬೇಕು. ಬರೀ ಬಟ್ಟೆಯ ಜೇಬು ಸಾಲದು, ಬಟ್ಟೆಯ ಮೇಲಿಂದಲೂ ಟ್ರಿಗರ್ ಒತ್ತಬಹುದು. ಸೀರೆ ಉಡುವ ದಿನ ನಾನು ಗನ್ ಒಯ್ಯುವುದಿಲ್ಲ, ಸೇಫ್‌ನಲ್ಲೇ ಇರುತ್ತದೆ. ದೇವಸ್ಥಾನಕ್ಕೂ ಅಷ್ಟೇ.

ಒಂದು ವಿಷಯ ಯಾರೂ ಹೇಳಿಕೊಡುವುದಿಲ್ಲ: ಹೊರಗಡೆ ಟಾಯ್ಲೆಟ್‌ಗೆ ಹೋದಾಗ ಗನ್ ತೆಗೆದು ಪಕ್ಕದಲ್ಲಿ ಇಡಬೇಡಿ, ಕೊಕ್ಕೆಗೆ ನೇತುಹಾಕಬೇಡಿ. ಮರೆತು ಬಂದವರು ಎಷ್ಟೋ ಜನ. ಹೋಲ್ಸ್ಟರ್ ಒಳಗೇ ಇರಲಿ, ಪ್ಯಾಂಟಿನ ಜೊತೆಗೇ ಇರಲಿ.

ಈಗ ಗನ್ನಿನ ಮಾತಿಗೆ ಬರೋಣ. ಅಂಗಡಿಯವನು ತೋರಿಸಿದ್ದು ಸ್ಮಿತ್ ಆ್ಯಂಡ್ ವೆಸನ್ 642 ತರದ್ದು ಅನ್ನಿಸುತ್ತದೆ. ಅಲ್ಯೂಮಿನಿಯಂ ಮೈ, ಅರ್ಧ ಕೆಜಿಗಿಂತ ಕಡಿಮೆ ತೂಕ, ಐದು ಗುಂಡು, ಅದೂ .38 ಸ್ಪೆಷಲ್ ಎಂಬ ಬಗೆಯದು. ಚಿಕ್ಕದು, ಮುದ್ದಾಗಿದೆ. ಆದರೆ ಗನ್ ಹಗುರವಾದಷ್ಟೂ ಹಿಂದಕ್ಕೆ ಒದೆಯುವುದು ಜಾಸ್ತಿ. ಟ್ರಿಗರ್ ಎಳೆಯಲು ಐದು ಕೆಜಿಗೂ ಮಿಕ್ಕಿದ ಬಲ ಬೇಕು. ಅಷ್ಟು ಬಲ ಹಾಕುವಾಗ ಗನ್ನೇ ಅಲುಗಿ ಗುರಿ ಪಕ್ಕಕ್ಕೆ ಹೋಗುತ್ತದೆ. ಹೊಸಬರು ಹತ್ತು ಗುಂಡು ಹೊಡೆದು ಕೈ ನೋಯುತ್ತಿದೆ ಎಂದು ಕೆಳಗಿಡುತ್ತಾರೆ, ಮತ್ತೆ ಅಭ್ಯಾಸಕ್ಕೆ ಬರುವುದಿಲ್ಲ. ಅಭ್ಯಾಸ ಇಲ್ಲದ ಗನ್‌ನಿಂದ ನಿಮಗಿಂತ ಪಕ್ಕದಲ್ಲಿ ನಿಂತವರಿಗೆ ಅಪಾಯ. ಕೈ ಪಳಗಿದವರಿಗೆ ಅದು ಒಳ್ಳೆಯ ಗನ್. ಕಲಿಯುವವರಿಗೆ ಅಲ್ಲ. ಹೆಂಗಸು ಅಂದಾಕ್ಷಣ ಚಿಕ್ಕ ಗನ್ ಎನ್ನುವ ಲೆಕ್ಕಾಚಾರ ನನಗೆ ಕೋಪ ತರಿಸುತ್ತದೆ.

ನೀವು ಕೊಡಗಿನವರು ಎಂದು ಬರೆದಿದ್ದೀರಿ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವುದನ್ನು, ತೆಂಗಿನಕಾಯಿಗೆ ಗುರಿ ಇಡುವುದನ್ನು ನೋಡಿ ಬೆಳೆದವರಿಗೆ ಗನ್ ಎಂದರೆ ಗೌರವ ಇರುತ್ತದೆ. ಅದು ಒಳ್ಳೆಯ ಬುನಾದಿ. ಆದರೆ ಕೋವಿಗೆ ಹೆಗಲಿನ ಆಸರೆ ಇದೆ, ಉದ್ದ ನಳಿಗೆ ಇದೆ. ಹ್ಯಾಂಡ್‌ಗನ್‌ಗೆ ಎರಡೂ ಇಲ್ಲ. ಮಣಿಕಟ್ಟು ಚೂರು ಅಲುಗಿದರೂ ಏಳು ಗಜದಲ್ಲಿ ಗುರಿ ತಪ್ಪುತ್ತದೆ. ಇದನ್ನು ಹೊಸದಾಗಿಯೇ ಕಲಿಯಬೇಕು.

ನಾನು ಹೊಸಬರಿಗೆ ಮೊದಲು ಕೊಡುವುದು ಅದೇ ಸ್ಮಿತ್ ಆ್ಯಂಡ್ ವೆಸನ್‌ನವರ, 9 ಎಂಎಂ ಗುಂಡಿನ ಶೀಲ್ಡ್ ಈಝೀ ಎಂಬ ಪಿಸ್ತೂಲು. 2020ರಲ್ಲಿ ಬಂದದ್ದು. ಇದರ ಸ್ಪ್ರಿಂಗ್ ಮೆದು, ಸ್ಲೈಡ್ (ಗುಂಡು ತುಂಬಲು ಹಿಂದಕ್ಕೆ ಎಳೆಯುವ ಮೇಲಿನ ಭಾಗ) ಎಳೆಯುವುದು ಸುಲಭ. ಮೇಲಿನ 642ಗಿಂತ ಭಾರ, ಅದಕ್ಕೇ ಒದೆತ ಕಡಿಮೆ. ಹಿಡಿಯನ್ನು ಗಟ್ಟಿಯಾಗಿ ಹಿಡಿಯದಿದ್ದರೆ ಗುಂಡು ಹಾರದ ಹಾಗೆ ಹಿಂಬದಿಯಲ್ಲಿ ಒಂದು ಸೇಫ್ಟಿ ಇದೆ. ಇನ್ನೂ ಚಿಕ್ಕದು ಬೇಕೆಂದರೆ ಸಿಗ್ ಪಿ365 ಅಥವಾ ಗ್ಲಾಕ್ 43ಎಕ್ಸ್ ನೋಡಿ. ಕೊಳ್ಳುವ ಮೊದಲು ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು ಮೂರ್ನಾಲ್ಕು ಬಗೆಯದು ಹೊಡೆದು ನೋಡಿ. ಸ್ಲೈಡ್ ಎಳೆಯಲು ನನ್ನಿಂದ ಆಗಲ್ಲ ಎನ್ನುವವರಿಗೆ ಬಹಳ ಸಲ ಬಲದ ಕೊರತೆ ಇರುವುದಿಲ್ಲ, ರೀತಿ ಗೊತ್ತಿರುವುದಿಲ್ಲ. ಎಡಗೈಯಿಂದ ಮೇಲಿನ ಸ್ಲೈಡನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿ, ಬಲಗೈಯಿಂದ ಗನ್ನನ್ನು ಮುಂದಕ್ಕೆ ತಳ್ಳಿ. ಗನ್ ಎದೆಯ ಹತ್ತಿರ ಇರಲಿ, ಅದರ ನಳಿಗೆಯ ಬಾಯಿ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ.

ಬಸುರಿಯಾಗಿದ್ದರೆ ಅಥವಾ ಆ ಯೋಚನೆ ಇದ್ದರೆ ಸದ್ಯಕ್ಕೆ ರೇಂಜ್ ಬಿಡಿ. ಗುಂಡಿನ ಸೀಸದ ಧೂಳು ಮಗುವಿಗೆ ಕೆಟ್ಟದ್ದು. ಬೇರೆ ಸಮಯದಲ್ಲೂ ರೇಂಜ್‌ನಿಂದ ಬಂದು ಕೈ ಮುಖ ತೊಳೆದು, ಬಟ್ಟೆ ಬದಲಾಯಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ.

ಕಾನೂನಿನ ಬಗ್ಗೆ ಸ್ವಲ್ಪ. 2021ರ ಸೆಪ್ಟೆಂಬರ್ 1ರಿಂದ 21 ವರ್ಷ ದಾಟಿದ, ಗನ್ ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲದವರು ಟೆಕ್ಸಸ್‌ನಲ್ಲಿ ಲೈಸೆನ್ಸ್ ಇಲ್ಲದೆಯೂ ಹ್ಯಾಂಡ್‌ಗನ್ ಒಯ್ಯಬಹುದು. ಆದರೂ ನೀವು ಲೈಸೆನ್ಸ್ ಮಾಡಿಸಿ. ಅರ್ಜಿಗೆ 40 ಡಾಲರ್. ನಾಲ್ಕರಿಂದ ಆರು ಗಂಟೆ ಪಾಠ, ಆಮೇಲೆ ಮೂರು, ಏಳು, ಹದಿನೈದು ಗಜ ದೂರದಿಂದ ಒಟ್ಟು 50 ಗುಂಡಿನ ಪರೀಕ್ಷೆ. ಕೇಂದ್ರದ ಕಾನೂನಿನ ಪ್ರಕಾರ ಶಾಲೆಯ ಸುತ್ತ ಸಾವಿರ ಅಡಿ ಒಳಗೆ ಗುಂಡು ತುಂಬಿದ ಗನ್ ಒಯ್ಯುವ ಹಾಗಿಲ್ಲ, ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ನಾಳೆ ಮಗನನ್ನು ಶಾಲೆಗೆ ಬಿಡಲು ಹೋಗುವವರಿಗೆ ಇದು ದೊಡ್ಡ ವಿಷಯ. ಶಾಲೆಯ ಕಟ್ಟಡದೊಳಗೆ, ಪೋಸ್ಟ್ ಆಫೀಸಿನಲ್ಲಿ, ಕೆಂಪು ಅಕ್ಷರದಲ್ಲಿ 51% ಎಂದು ಬೋರ್ಡ್ ಹಾಕಿದ ಬಾರ್‌ಗಳಲ್ಲಿ ಲೈಸೆನ್ಸ್ ಇದ್ದರೂ ಸಲ್ಲದು. 30.06 ಎಂಬ ಬೋರ್ಡ್ ಕಂಡರೆ ಬಚ್ಚಿಟ್ಟ ಗನ್ ಕೂಡ ಒಳಗೆ ಬರಬಾರದು ಎಂದರ್ಥ. ಗ್ರೀನ್ ಕಾರ್ಡ್‌ನವರಿಗೆ ಗನ್ ಅಪರಾಧ ಎಂದರೆ ಬರೀ ದಂಡ ಅಲ್ಲ, ದೇಶ ಬಿಡಬೇಕಾಗಿ ಬರಬಹುದು.

ಇದನ್ನು ಓದುವ ಬೇರೆಯವರಿಗೂ ಹೇಳಬೇಕು. ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿ ಇರುವವರು ಗನ್ ಕೊಳ್ಳುವುದನ್ನೂ ಇಟ್ಟುಕೊಳ್ಳುವುದನ್ನೂ ಕೇಂದ್ರದ ಕಾನೂನು ತಡೆಯುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿಗಳಿವೆ, ಅದನ್ನು ನಂಬುವ ಮೊದಲು ವಕೀಲರನ್ನು ಕೇಳಿ. ಊರಿನಿಂದ ವಿಸಿಟರ್ ವೀಸಾದಲ್ಲಿ ಬಂದ ಮೈದುನನ ಕೈಗೆ ರೇಂಜ್‌ನಲ್ಲಿ ಸುಮ್ನೆ ಒಂದು ಸಲ ಎಂದು ಗನ್ ಕೊಡುವುದೂ ಇದೇ ನಿಯಮಕ್ಕೆ ಬೀಳುತ್ತದೆ.

ಇನ್ನೊಂದು ಮಾತು, ಇದು ನಿಮಗೆ ಸಂಬಂಧಿಸದೆಯೂ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಸ್ಟ್ಯಾನ್‌ಫರ್ಡ್‌ನವರು ಲಕ್ಷಾಂತರ ಜನರ ದಾಖಲೆ ನೋಡಿ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹ್ಯಾಂಡ್‌ಗನ್ ಇರುವವರ ಜೊತೆ ವಾಸಿಸುವವರು ಗಂಡ, ಹೆಂಡತಿ ಅಥವಾ ಸಂಗಾತಿಯ ಗುಂಡಿಗೆ ಸಾಯುವುದು ಹ್ಯಾಂಡ್‌ಗನ್ ಇಲ್ಲದ ಮನೆಯವರಿಗಿಂತ ಏಳು ಪಟ್ಟು ಜಾಸ್ತಿ ಎಂದು ಕಂಡಿತು. ಹಾಗೆ ಸತ್ತವರಲ್ಲಿ ಬಹುಪಾಲು ಹೆಂಗಸರು. ಅದಕ್ಕೇ ನಾನು ಕಲಿಯಲು ಬಂದ ಪ್ರತಿಯೊಬ್ಬಳನ್ನೂ ಒಬ್ಬಳೇ ಕೂರಿಸಿ ಕೇಳುತ್ತೇನೆ: ಭಯ ಹೊರಗಿನವರದ್ದೋ, ಮನೆಯೊಳಗಿನವರದ್ದೋ? ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿ ಇದ್ದಾರಾ, ನಿನಗೇ ಬದುಕು ಸಾಕೆನಿಸಿದೆಯಾ? ಹೌದು ಎಂದರೆ ಆ ಮನೆಗೆ ಗನ್ ತರಬೇಡ ಎನ್ನುತ್ತೇನೆ. ಹೊಡೆಯುವ ಗಂಡನಿಂದ ಪಾರಾಗಲು ಡಲ್ಲಾಸ್ ಕಡೆ ಚೇತನಾ, ಹ್ಯೂಸ್ಟನ್‌ನಲ್ಲಿ ದಯಾ ಎಂಬ ಸಂಸ್ಥೆಗಳಿವೆ. ದಕ್ಷಿಣ ಏಷ್ಯಾದ ಹೆಂಗಸರಿಗಾಗಿಯೇ ಇರುವವು, ನಮ್ಮ ಮನೆಗಳ ರೀತಿ ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ದುಡ್ಡಿನ ಲೆಕ್ಕ ಹಾಕುವಾಗ ಗನ್ನಿನ ಬೆಲೆ ಒಂದನ್ನೇ ನೋಡಬೇಡಿ. ಸೇಫ್, ಒಳ್ಳೆಯ ಹೋಲ್ಸ್ಟರ್, ಬೆಲ್ಟ್, ಕಿವಿಗೆ ಕಣ್ಣಿಗೆ ರಕ್ಷಣೆ, ತರಬೇತಿ, ತಿಂಗಳು ತಿಂಗಳು ಅಭ್ಯಾಸದ ಗುಂಡು, ಎಲ್ಲ ಸೇರಿದರೆ ಗನ್ನಿನಷ್ಟೇ ಖರ್ಚು ಮತ್ತೆ ಆಗುತ್ತದೆ. ಇವೆಲ್ಲಕ್ಕೂ ದುಡ್ಡು ಒದಗುವ ತನಕ ಕಾಯಿರಿ, ಸೇಫ್ ಮಾತ್ರ ಗನ್ ಬರುವ ಮೊದಲೇ ಮನೆಗೆ ಬಂದಿರಲಿ.