ಓಪನ್‌ಬಿಎಸ್‌ಡಿ ಫೈರ್‌ವಾಲ್ ಸರಿಯಾಗಿ ನಡೆಯುತ್ತಿರುವಾಗ ಪ್ಯಾಚ್ ಹಾಕಬೇಕೇ?

ವಿಜಯಪುರದ ನಿಮ್ಮ ಕಾಲೇಜಿನ ಲ್ಯಾಬಿಗೆ ಹಳೆಯ ಪಿಸಿಯೊಂದರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, ಜಾಲದ ಒಳಹೊರಗಿನ ಸಂಚಾರವನ್ನು ಕಾಯುವ ಫೈರ್‌ವಾಲ್ ಮಾಡಿಕೊಂಡಿದ್ದೀರಿ. ತೊಂದರೆಯಿಲ್ಲದೆ ನಡೆಯುತ್ತಿರುವ ಯಂತ್ರವನ್ನು ಮುಟ್ಟಬೇಕೇ ಎಂದು ಕೇಳಿದ್ದೀರಿ. ಮುಟ್ಟಲೇಬೇಕು. ಈ ವ್ಯವಸ್ಥೆಯ ಹೊಸ ಆವೃತ್ತಿ ಸುಮಾರು 6 ತಿಂಗಳಿಗೊಮ್ಮೆ ಬರುತ್ತದೆ, ಭದ್ರತಾ ಪ್ಯಾಚ್‌ಗಳು (ದೋಷ ಸರಿಪಡಿಸುವ ತಿದ್ದುಪಡಿಗಳು) ಇತ್ತೀಚಿನ 2 ಆವೃತ್ತಿಗಳಿಗೆ ಮಾತ್ರ ಸಿಗುತ್ತವೆ. ಆದ್ದರಿಂದ ವರ್ಷಕ್ಕಿಂತ ಹೆಚ್ಚು ಕಾಲ ಹಾಗೇ ಬಿಟ್ಟ ಯಂತ್ರ ಎಷ್ಟೇ ಸದ್ದಿಲ್ಲದೆ ಓಡುತ್ತಿದ್ದರೂ ಅದಕ್ಕೆ ಹೊಸ ಪ್ಯಾಚ್ ಬರುವುದು ನಿಂತಿರುತ್ತದೆ.

2017ರ 6.1 ಆವೃತ್ತಿಯಲ್ಲಿ ಬಂದ, ಸಿದ್ಧ ಪ್ಯಾಚ್‌ಗಳನ್ನು ಹಾಕುವ ‘ಸಿಸ್‌ಪ್ಯಾಚ್’ ಆಜ್ಞೆಯಿಂದಾಗಿ ಮೂಲ ಕೋಡನ್ನು ನಾವೇ ಕಂಪೈಲ್ ಮಾಡುವ ಕಷ್ಟ ತಪ್ಪಿದೆ. ಅದರ ‘ಸಿ’ ಆಯ್ಕೆ ಬಾಕಿ ಇರುವ ಪ್ಯಾಚ್‌ಗಳ ಪಟ್ಟಿ ಕೊಡುತ್ತದೆ, ‘ಆರ್’ ಆಯ್ಕೆ ಕೊನೆಯದಾಗಿ ಹಾಕಿದ ಪ್ಯಾಚನ್ನು ಹಿಂತೆಗೆಯುತ್ತದೆ. ಕರ್ನಲ್‌ಗೆ (ವ್ಯವಸ್ಥೆಯ ತಿರುಳಿಗೆ) ಸಂಬಂಧಿಸಿದ ಪ್ಯಾಚ್ ಆಗಿದ್ದರೆ ರೀಬೂಟ್ ಮಾಡುವವರೆಗೆ ಅದು ಜಾರಿಗೆ ಬರುವುದಿಲ್ಲ. ತಿಂಗಳುಗಟ್ಟಲೆ ಯಂತ್ರ ನಿಲ್ಲಿಸಿಲ್ಲವೆಂದು ಹೆಮ್ಮೆಪಡುವವರು ಇದನ್ನು ಗಮನಿಸಬೇಕು. ಪ್ಯಾಕೇಜ್‌ಗಳಿಗೆ (ಬೇರೆಯಾಗಿ ಸೇರಿಸಿಕೊಂಡ ತಂತ್ರಾಂಶಗಳಿಗೆ) ಸಿಸ್‌ಪ್ಯಾಚ್ ಅನ್ವಯಿಸದ ಕಾರಣ ಅವುಗಳನ್ನು ಪ್ರತ್ಯೇಕವಾಗಿ ನವೀಕರಿಸಬೇಕು.

ಆವೃತ್ತಿ ಬದಲಿಸಲು ‘ಸಿಸ್‌ಅಪ್‌ಗ್ರೇಡ್’ ಇದೆ, ಆದರೆ ನಡುವಿನ ಆವೃತ್ತಿಯನ್ನು ಹಾರಿಸದೆ ಒಂದೊಂದಾಗಿಯೇ ಏರಬೇಕು. ಅದಕ್ಕೂ ಮೊದಲು ಸೆಟ್ಟಿಂಗ್ ಕಡತಗಳಿರುವ ‘ಇಟಿಸಿ’ ಡೈರೆಕ್ಟರಿಯನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು, ಹೊಸ ಆವೃತ್ತಿಯ ಬಿಡುಗಡೆ ಟಿಪ್ಪಣಿಯಲ್ಲಿ ಪಿಎಫ್ (ಓಪನ್‌ಬಿಎಸ್‌ಡಿಯ ಫೈರ್‌ವಾಲ್ ತಂತ್ರಾಂಶ) ನಿಯಮಗಳ ವ್ಯಾಕರಣ ಬದಲಾಗಿದೆಯೇ ನೋಡಿ. ಅಪ್‌ಗ್ರೇಡ್ ಆದಮೇಲೆ ‘ಪಿಎಫ್‌ಸಿಟಿಎಲ್’ ಆಜ್ಞೆಗೆ ‘ಎನ್’ ಮತ್ತು ‘ಎಫ್’ ಆಯ್ಕೆಗಳನ್ನು ಸೇರಿಸಿ ನಿಯಮಗಳ ಕಡತವನ್ನು ಕೊಟ್ಟರೆ, ನಿಯಮಗಳನ್ನು ಜಾರಿಗೊಳಿಸದೆಯೇ ತಪ್ಪಿರುವ ಸಾಲನ್ನು ತೋರಿಸುತ್ತದೆ. ಈ ಕೆಲಸವನ್ನು ಭಾನುವಾರ ಇಟ್ಟುಕೊಳ್ಳಿ. ನಡುವೆ ಕರೆಂಟ್ ಹೋದೀತು, ಯುಪಿಎಸ್ ಇಲ್ಲದೆ ಆರಂಭಿಸಬೇಡಿ.