ಹಾಳು ಮನೆಯಲ್ಲಿ ದೆವ್ವ ಇಲ್ಲ, ಹಗೇವು ಇದೆ

‘ನಮ್ಮ ಓಣಿಯಲ್ಲಿ ಒಂದು ಮಾಳಿಗೆ ಮನೆ ವರ್ಷಗಟ್ಟಲೆಯಿಂದ ಖಾಲಿ ಬಿದ್ದಿದೆ. ದುಡಿಯಲು ಹೋದವರು ತಿರುಗಿ ಬಂದಿಲ್ಲ. ಶಾಲೆ ಬಿಟ್ಟ ಮೇಲೆ ಹುಡುಗರೆಲ್ಲ ಅಲ್ಲೇ ಇರುತ್ತಾರೆ. ಒಳಗೆ ದೆವ್ವ ಇದೆ ಅಂತ ಹೆದರಿಸಿದೆ. ಈಗ ಜಾಸ್ತಿ ಹೋಗುತ್ತಿದ್ದಾರೆ. ಏನು ಮಾಡಲಿ?’
– ಕುಷ್ಟಗಿ ತಾಲ್ಲೂಕಿನ ತಾಯಿಯೊಬ್ಬರು

ನಮಸ್ಕಾರ ತಾಯಿ. ದೆವ್ವ ಇದೆ ಅಂದಮೇಲೆ ಯಾವ ಹುಡುಗ ಮನೆಯಲ್ಲಿ ಕೂರುತ್ತಾನೆ? ನಾನೂ ಕೂತವನಲ್ಲ. ಲಿಂಗಸುಗೂರು ಕಡೆಯ ನಮ್ಮೂರಲ್ಲೂ ಇಂಥದ್ದೇ ಮನೆ ಇತ್ತು. ಮುಂಬಾಗಿಲಿಗೆ ದೊಡ್ಡ ಬೀಗ, ಹಿತ್ತಲ ಗೋಡೆ ಮಾತ್ರ ಬಿದ್ದುಹೋಗಿತ್ತು! ಒಳಗೆ ಕತ್ತಲೆ, ಬಾವಲಿ ವಾಸನೆ, ಗವಾಕ್ಷಿಯಿಂದ ಇಳಿದ ಒಂದು ಬಿಸಿಲುಕೋಲು. ಆ ಬಿಸಿಲು ದನದ ಗೋದಲಿ ಮುಟ್ಟಿದರೆ ಆಟ ಮುಗೀತು, ಅದೇ ನಮ್ಮ ಗಡಿಯಾರ. ದೀಪದ ಗೂಡಿನಲ್ಲಿ ಮಸಿ ಹಾಗೇ ಇತ್ತು. ಪಕ್ಕದ ಗೋಡೆಯ ಮೇಲೆ ಸುಣ್ಣದ ಗೆರೆಗಳು, ನಾಲ್ಕಾದ ಮೇಲೆ ಒಂದು ಅಡ್ಡ ಗೆರೆ. ಹಾಲಿನ ಲೆಕ್ಕವೋ, ಕೂಲಿ ಲೆಕ್ಕವೋ, ಇವತ್ತಿಗೂ ಗೊತ್ತಿಲ್ಲ.

ಹಾಗಂತ ಸುಮ್ನೆ ಬಿಟ್ಟುಬಿಡಿ ಅನ್ನುತ್ತಿಲ್ಲ. ದೆವ್ವದ ಮಾತು ಸುಳ್ಳು ಅಂತ ಗೊತ್ತಾದ ದಿನ ಚೇಳಿನ ಮಾತನ್ನೂ ಅವರು ನಂಬುವುದಿಲ್ಲ. ಇದ್ದದ್ದನ್ನೇ ಹೇಳಿ.

ಮೊದಲು ಹಗೇವು. ನಮ್ಮ ಕಡೆ ಹಳೇ ಮನೆಗಳಲ್ಲಿ ಜೋಳ ತುಂಬಿಡಲು ನೆಲದಡಿ ಹಗೇವು ಇರುತ್ತಿತ್ತು. ಬಾಯಿ ಸಣ್ಣದು, ಒಳಗೆ ಆಳು ಮುಳುಗುವಷ್ಟು ಆಳ, ಮೇಲೊಂದು ಹಾಸುಗಲ್ಲು. ಮುಚ್ಚಿಟ್ಟ ಕಾಳು ಉಸಿರಾಡಿ ಆಮ್ಲಜನಕ ತೀರಿಸುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಕಾಳಿನ ಹುಳ ಸಾಯುವುದೂ ಅದರಿಂದಲೇ, ಅವಸರಪಟ್ಟು ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಕಾಳಿಲ್ಲದಿದ್ದರೂ ಒಳಗೆ ಕಸ ಕೊಳೆತರೆ ಅದೇ ಗತಿ. ಅದಕ್ಕೇ ಹಿರಿಯರು ಕಲ್ಲು ಸರಿಸಿ, ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಚೆಂಡು ಬಿದ್ದರೆ ಹೋಗಲಿ ಬಿಡಿ. ಒಬ್ಬ ಹುಡುಗ ಬಿದ್ದರೂ ಇನ್ನೊಬ್ಬ ಎತ್ತಲು ಇಳಿಯಬಾರದು, ಓಡಿಬಂದು ದೊಡ್ಡವರನ್ನು ಕರೆಯಬೇಕು. ಇದನ್ನು ಎರಡೆರಡು ಸಲ ಹೇಳಿ.

ಇನ್ನು ಮಾಳಿಗೆ, ಅಂದರೆ ಮರದ ಜಂತಿಗಳ ಮೇಲೆ ಮಣ್ಣು ಹಾಕಿದ ಚಾವಣಿ. ಜನ ಇದ್ದಾಗ ಮಳೆಗಾಲಕ್ಕೆ ಮುಂಚೆ ಹುಲ್ಲು ಕಿತ್ತು, ಮೇಲೆ ಹೊಸ ಮಣ್ಣು ಹಾಕುತ್ತಾರೆ. ಖಾಲಿ ಮನೆಗೆ ಯಾರು ಹಾಕಬೇಕು? ಹುಲ್ಲಿನ ಬೇರಿನ ಗುಂಟ ನೀರಿಳಿದು ಜಂತಿ ಕೊಳೆಯುತ್ತದೆ, ಉಳಿದದ್ದು ಗೆದ್ದಲಿಗೆ. ಹಸಿ ಮಣ್ಣಿನ ಭಾರ ಬೇರೆ. ಮಳೆ ನಿಂತು ಬಿಸಿಲು ಬಿದ್ದ ಮೇಲೂ ಇಂಥ ಮನೆ ಕುಸಿಯುತ್ತದೆ. ಹಾವು ಚೇಳಿನ ಬಗ್ಗೆ ನಿಮಗೆ ನಾನೇನು ಹೇಳಲಿ! ಬರಿಗಾಲು ಬೇಡ, ಕಲ್ಲಿನ ಸಂದಿಗೆ ಕೈ ಬೇಡ, ಕಚ್ಚಿದರೆ ಮಂತ್ರ ಹಾಕಿಸುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಮನೆಯವರಿಗೂ ಒಂದು ಫೋನ್ ಮಾಡಿ. ಹಗೇವಿನ ಬಾಯಿ ಎಲ್ಲಿದೆ ಅಂತ ಅವರಿಗೇ ಗೊತ್ತು. ಅವರು ಹೂಂ ಅಂದರೆ ಗೌಂಡಿಯೊಬ್ಬರಿಂದ ಜಂತಿ ನೋಡಿಸಿ, ಹಗೇವಿನ ಮೇಲೆ ಹುಡುಗರಿಂದ ಅಲುಗದಂಥ ಕಲ್ಲು ಹಾಕಿಸಿ. ಅಲ್ಲಿಯವರೆಗೆ ಆಟ ಬಯಲಲ್ಲೇ ಇರಲಿ. ಗೌಂಡಿ ಪರವಾಗಿಲ್ಲ ಅಂದರೆ ಒಂದು ದಿನ ಬ್ಯಾಟರಿ ಹಿಡಿದು ಹುಡುಗರ ಜೊತೆ ನೀವೇ ಒಳಗೆ ಹೋಗಿಬನ್ನಿ. ಗೋಡೆ ಮೇಲೆ ಸುಣ್ಣದ ಗೆರೆ ಕಂಡರೆ, ಎಷ್ಟಿವೆ ಅಂತ ಎಣಿಸಿ ನನಗೊಂದು ಕಾರ್ಡು ಹಾಕಿ.

– ಸಂ.