ಎರಡನೇ ಭಾಗ ಕೊಡಿಸಲಾ?

ಪ್ರಶ್ನೆ: ಒಂಬತ್ತನೇ ಕ್ಲಾಸಿನ ನನ್ನ ಮಗಳು ‘ದಿ ಹಂಗರ್ ಗೇಮ್ಸ್’ ಓದಿ ಮುಗಿಸಿದ್ದಾಳೆ. ಈಗ ಎರಡನೇ ಭಾಗ ‘ಕ್ಯಾಚಿಂಗ್ ಫೈರ್’ ಬೇಕಂತೆ. ಅದರಲ್ಲೂ ಅಖಾಡಕ್ಕೆ ಬಿಟ್ಟು ಸಾಯಿಸುವ ಅದೇ ಕಥೆ ಅಂತಾಳೆ ನನ್ನ ತಂಗಿ. ಕೊಡಿಸಲಾ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಧಾರಾಳವಾಗಿ ಕೊಡಿಸಿ. ನಿಮ್ಮ ತಂಗಿ ಹೇಳಿದ್ದು ಅರ್ಧ ನಿಜ. ಇರುವುದು 27 ಅಧ್ಯಾಯ. ಅಖಾಡದ ಆಟ ಶುರುವಾಗುವುದು 18 ಅಧ್ಯಾಯ ಕಳೆದ ಮೇಲೆ. ನನಗೆ ಜಾಸ್ತಿ ಹಿಡಿಸಿದ್ದು ಆ ಮೊದಲ ಭಾಗವೇ.

ಉತ್ತರ ಅಮೆರಿಕ ಹಾಳಾದ ಮೇಲೆ ಅದೇ ನೆಲದಲ್ಲಿ ಹುಟ್ಟಿದ ದೇಶ ಪನೆಮ್. ಮಕ್ಕಳನ್ನು ಅಖಾಡಕ್ಕೆ ಬಿಟ್ಟು ಒಬ್ಬರನ್ನೊಬ್ಬರು ಸಾಯಿಸುವಂತೆ ಮಾಡುವುದೇ ಅಲ್ಲಿನ ಸರ್ಕಾರದ ಆಟ. ಆಟ ಗೆದ್ದ ಕ್ಯಾಟ್ನಿಸ್ ಮತ್ತು ಪೀಟಾರನ್ನು ಸರ್ಕಾರ ಊರೂರು ಮೆರವಣಿಗೆ ಮಾಡಿಸುತ್ತದೆ. 11ನೇ ಜಿಲ್ಲೆಯಲ್ಲಿ ಕ್ಯಾಟ್ನಿಸ್ ಮಾತಾಡುತ್ತಾಳೆ. ಆಟದಲ್ಲಿ ಸತ್ತ ಪುಟ್ಟ ಹುಡುಗಿ ರೂ ಅದೇ ಊರಿನವಳು. ಮಾತು ಮುಗಿದಾಗ ಮುದುಕನೊಬ್ಬ ರೂಳ ನಾಲ್ಕು ಸ್ವರದ ರಾಗವನ್ನು ಶಿಳ್ಳೆ ಹಾಕುತ್ತಾನೆ. ಅಷ್ಟಕ್ಕೇ ಅವನನ್ನು ಮೆಟ್ಟಿಲ ಮೇಲೆ ಎಳೆದು ತಂದು ತಲೆಗೆ ಗುಂಡು ಹೊಡೆಯುತ್ತಾರೆ. ಆಮೇಲೆ ರಾಜಧಾನಿಯ ಔತಣ. ಇನ್ನಷ್ಟು ತಿನ್ನಬೇಕೆಂದು ವಾಂತಿ ಬರಿಸುವ ಪಾನೀಯ ಕುಡಿಯುತ್ತಾರೆ ಅಲ್ಲಿನ ಜನ! ಇತ್ತ ಕ್ಯಾಟ್ನಿಸ್ ಊರಲ್ಲಿ ಹೊಟ್ಟೆಗಿಲ್ಲ. ಗೆದ್ದವಳಿಗೂ ಬಿಡುಗಡೆ ಇಲ್ಲ ಎಂಬುದನ್ನು ಲೇಖಕಿ ಸುಜಾನ್ ಕಾಲಿನ್ಸ್ ಭಾಷಣ ಬಿಗಿಯದೆ ತೋರಿಸಿದ್ದಾರೆ.

ಅಖಾಡವೂ ಕಳಪೆಯಲ್ಲ. ಶನಿವಾರ ಪುಸ್ತಕ ಒಯ್ಯಲು ಹಾಸನದ ನಮ್ಮ ಮನೆಗೆ ಬರುವ ಪಿಯು ಹುಡುಗಿಯೊಬ್ಬಳು ನನ್ನ ಪ್ರತಿಯ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಗಡಿಯಾರ ಬರೆದಿದ್ದಾಳೆ. ಹನ್ನೆರಡಕ್ಕೆ ಸಿಡಿಲು, ಹತ್ತಕ್ಕೆ ದೊಡ್ಡ ಅಲೆ. ಈ ಸಲದ ಅಖಾಡವೇ ಗಡಿಯಾರ, ಗಂಟೆಗೊಂದು ಅಪಾಯ. ‘ಮೊದಲನೆಯದಕ್ಕಿಂತ ಇದೇ ಚೆನ್ನಾಗಿದೆ ಸರ್’ ಅಂತ ಅವಳ ವಾದ. ನಾನು ಒಪ್ಪಲಿಲ್ಲ. ಈ ಸಲ ಆಡುವವರು ಹಿಂದಿನ ಆಟಗಳಲ್ಲಿ ಗೆದ್ದವರು. ಅವರಲ್ಲಿ ಎಷ್ಟೋ ಜನ ಪರಿಚಯವಾಗುವ ಮೊದಲೇ ಸಾಯುತ್ತಾರೆ. ಓದುವವರಿಗೆ ಏನೂ ಅನ್ನಿಸುವುದಿಲ್ಲ. ಮ್ಯಾಗ್ಸ್ ಅಜ್ಜಿಯ ಮಾತು ಬೇರೆ. ತನ್ನನ್ನು ಹೊತ್ತು ಓಡುತ್ತಿದ್ದವರಿಗೆ ಭಾರವಾಗಬಾರದೆಂದು ಆಕೆ ತಾನಾಗಿಯೇ ವಿಷದ ಮಂಜಿನೊಳಗೆ ಹೋಗುತ್ತಾಳೆ. ಅಲ್ಲಿ ಕರುಳು ಚುರ್ ಅನ್ನುತ್ತದೆ.

ನನಗೆ ಬೇಸರ ತಂದದ್ದು ಕೊನೆ. ಕಥೆ ಹೇಳುವವಳು ಕ್ಯಾಟ್ನಿಸ್, ಆದರೆ ಸರ್ಕಾರದ ವಿರುದ್ಧದ ದಂಗೆಯ ಯೋಜನೆ ಅವಳಿಗೇ ಗೊತ್ತಿಲ್ಲ. ಉಳಿದವರಲ್ಲಿ ಹಲವರು ಎಲ್ಲ ಮೊದಲೇ ಮಾತಾಡಿಕೊಂಡಿರುತ್ತಾರೆ. ಅದನ್ನೆಲ್ಲ ಕೊನೇ ಅಧ್ಯಾಯದಲ್ಲಿ ಗಡಿಬಿಡಿಯಲ್ಲಿ ಅವಳಿಗೆ, ನಮಗೆ ಒಟ್ಟಿಗೇ ಒಪ್ಪಿಸಿಬಿಡುತ್ತಾರೆ. ಅಂಥ ಚುರುಕು ಹುಡುಗಿಯನ್ನು ಹೀಗೆ ಕತ್ತಲಲ್ಲಿ ಇಡಬಾರದಿತ್ತು ಅಲ್ವಾ? ಮೆಚ್ಚುವುದು ಪೀಟಾನನ್ನೋ ಊರಿನ ಗೆಳೆಯ ಗೇಲ್‌ನನ್ನೋ ಎಂಬ ಅವಳ ಗೊಂದಲವನ್ನೂ ಸುಮ್ನೆ ಎಳೆದಿದ್ದಾರೆ.

ಗೇಲ್‌ಗೆ ಚಾಟಿಯಲ್ಲಿ ಹೊಡೆಯುವ ಭಾಗ ಓದಲು ಕಷ್ಟ. ಅದನ್ನು ನೀವೂ ಓದಿ, ಮಗಳ ಜೊತೆ ಮಾತಾಡಿ. ಅವಳು ಪುಸ್ತಕ ಮುಗಿಸುವವರೆಗೆ ನನ್ನ ಈ ಉತ್ತರ ತೋರಿಸಬೇಡಿ. ಇನ್ನೊಂದು ಮಾತು, ಕಥೆ ನಟ್ಟ ನಡುವೆ ನಿಲ್ಲುತ್ತದೆ. ಚಿಕ್ಕಮಗಳೂರಿಗೆ ಹೋದಾಗ ಮೂರನೇ ಭಾಗ ‘ಮಾಕಿಂಗ್‌ಜೇ’ಯನ್ನೂ ಜೊತೆಗೇ ತಂದುಬಿಡಿ.